ಸುಳ್ಳು ಹೇಳಬೇಕಾದ ಮುಳ್ಳು

"ನಿಮ್ಮ ಮುಳ್ಳು ಸತ್ಯ ಹೇಳ್ತದೆ. ಅದೇ ತೊಂದರೆ."

ಆ ಶನಿವಾರ ಬಂದು ಕುಳಿತು ಐದು ನಿಮಿಷವೂ ಆಗದ ಮನುಷ್ಯ ಹೀಗೆ ಹೇಳಿದಾಗ, ತನ್ನ ಕಿವಿಯೇ ಕೆಟ್ಟಿದೆಯೇನೋ ಎಂದು ಶ್ರೀವಿದ್ಯಾಳಿಗೆ ಅನುಮಾನ ಬಂತು.

ಕೋಡಂಬಾಕ್ಕಂನ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಅವಳ ಆಫೀಸು. ಅಲ್ಲಿ ಕಂಪ್ಯೂಟರಿನಲ್ಲಿ ಹಾರಿಸುವ ವಿಮಾನಗಳನ್ನು ತಯಾರಿಸುತ್ತಾರೆ. ಮಕ್ಕಳ ಆಟವಲ್ಲ, ಪೈಲಟ್ ಆಗಲು ಹೊರಟವರು ಕಲಿಯುವ ಸಿಮ್ಯುಲೇಟರ್. ಎರಡು ಸೀಟಿನ ಪುಟ್ಟ ತರಬೇತಿ ವಿಮಾನದ ಇಂಧನದ ಭಾಗವೆಲ್ಲ ಶ್ರೀವಿದ್ಯಾಳದು. ಟ್ಯಾಂಕಿನಲ್ಲಿ ಒಂದು ಲೋಟ ಪೆಟ್ರೋಲು ಕಡಿಮೆಯಾದರೂ ಅವಳ ಇಂಧನದ ಮೀಟರಿನ ಮುಳ್ಳು ಕೂದಲೆಳೆಯಷ್ಟು ಇಳಿಯುತ್ತಿತ್ತು. ಅದು ಅವಳ ಒಂದು ವರ್ಷದ ದುಡಿಮೆ! ಅದನ್ನು ಪರೀಕ್ಷಿಸಿ ಸಹಿ ಹಾಕಲು ಊರಾಚೆಯ ಫ್ಲೈಯಿಂಗ್ ಕ್ಲಬ್ಬಿನಿಂದ ಬಂದವನೇ ಈ ರೂಪೇಶ್, ನಿಜವಾದ ಆ ವಿಮಾನದ ಮೆಕ್ಯಾನಿಕ್.

"ಸತ್ಯ ಹೇಳೋದು ತಪ್ಪಾ ಸಾರ್?"

"ನಮ್ಮ ವಿಮಾನದ್ದು ಹೇಳುದಿಲ್ಲ. ಎಡ ಟ್ಯಾಂಕ್ ಅರ್ಧ ಇದ್ರೆ ಕಾಲು ತೋರಿಸ್ತದೆ. ಬಲದ್ದು ಕಾಲು ಇದ್ರೆ ಅರ್ಧ. ನಿಮ್ಮದನ್ನು ನಂಬಿ ಕಲಿತವ ನಾಳೆ ನಮ್ಮದನ್ನೂ ನಂಬ್ತಾನೆ. ಮೇಲೆ ಹೋದ ಮೇಲೆ ಪೆಟ್ರೋಲ್ ಮುಗಿದ್ರೆ ಎಂತ ಮಾಡುದು?"

ಅವನು ವರದಿಯ ಕೆಳಗೆ 'ತಿರಸ್ಕೃತ' ಎಂದು ಬರೆದ. ಆಮೇಲೆ ಚೀಲದಿಂದ ಎಣ್ಣೆಕಲೆಯ ದಪ್ಪ ನೋಟ್‌ಬುಕ್ಕೊಂದನ್ನು ತೆಗೆದು ಅವಳ ಮುಂದಿಟ್ಟ. ಎಂಟು ವರ್ಷ, ಪ್ರತಿ ಹಾರಾಟಕ್ಕೂ ಮೊದಲು ಟ್ಯಾಂಕಿನೊಳಗೆ ಅಳತೆ ಕೋಲು ಅದ್ದಿ, ಮುಳ್ಳು ಹೇಳಿದ್ದನ್ನು ಒಂದು ಕಾಲಂನಲ್ಲಿ, ಕೋಲು ಹೇಳಿದ್ದನ್ನು ಪಕ್ಕದ ಕಾಲಂನಲ್ಲಿ ಬರೆದಿದ್ದ. ಕೋಲು ಅದ್ದದೆ ಒಂದಂಕಿಯನ್ನೂ ಬರೆಯುವ ಜಾಯಮಾನ ಅವನದಲ್ಲವಂತೆ.

'ದೊಡ್ಡ ಹರಿಶ್ಚಂದ್ರ!' ಎಂದು ಅವಳು ಮನಸ್ಸಿನಲ್ಲೇ ಬೈದುಕೊಂಡಳು. ಆದರೂ ರಾತ್ರಿ ಊಟಕ್ಕೆ ಕೂತಾಗಲೂ ಆ ನೋಟ್‌ಬುಕ್ ಅವಳ ತಟ್ಟೆಯ ಪಕ್ಕದಲ್ಲೇ ಇತ್ತು.

ಸುಳ್ಳು ಹೇಳುವುದೇನು ಮಹಾ? ಆದರೆ ಇನ್ನೊಬ್ಬರ ಸುಳ್ಳನ್ನು ಚಾಚೂ ತಪ್ಪದೆ ಹೇಳುವುದಿದೆಯಲ್ಲ, ಅದು ಯಾರಿಗೂ ಬೇಡ. ನೋಟ್‌ಬುಕ್ಕಿನ ಅಂಕಿಗಳಂತೆ ಅವಳು ತಿದ್ದಿದ ಮುಳ್ಳನ್ನು ಎರಡನೆಯ ಶನಿವಾರ ಬಂದು ನೋಡಿದ ರೂಪೇಶ್, ಅದು ಹಾರಾಟದಲ್ಲಿ ಕುಣಿಯುತ್ತಿಲ್ಲ ಎಂದ. ಮೂರನೆಯ ಶನಿವಾರ, ಕುಣಿತ ಹೆಚ್ಚಾಯಿತು ಎಂದ. ಎರಡೂ ಸಲ ಅವನು ಹೇಳಿದ್ದೇ ಸರಿಯಾಗಿತ್ತು. ಅದೇ ಅವಳಿಗೆ ಹೊಟ್ಟೆ ಉರಿಯುವ ಸಂಗತಿ.

ಆ ಮೂರನೆಯ ಶನಿವಾರ ಊಟದ ಹೊತ್ತು ಮೀರಿತ್ತು. ರೂಪೇಶ್ ಲೋಕಲ್ ಟ್ರೈನಿನಲ್ಲಿ ಅವಳನ್ನು ತಾಂಬರಂಗೆ, ತನ್ನ ತಂದೆಯ ಹೋಟೆಲಿಗೆ ಕರೆದುಕೊಂಡು ಹೋದ. ಸಾಂಬಾರು ಇನ್ನೂ ಅರ್ಧ ಪಾತ್ರೆ ಇದೆ ಎಂದು ಬಡಿಸುವವರು ಹೇಳಿದರೂ ತಂದೆ ವಿಷ್ಣುಮೂರ್ತಿಯವರು ಎದ್ದು ಹೋಗಿ, ಉದ್ದ ಸೌಟನ್ನು ತಳದವರೆಗೆ ಇಳಿಸಿ ನೋಡಿದರು.

"ನಮ್ಮ ಮನೆಯಲ್ಲಿ ಎಲ್ಲರದ್ದೂ ಇದೇ ಕಥೆ," ಎಂದ ರೂಪೇಶ್, ಸ್ವಲ್ಪ ನಾಚಿಕೊಂಡು.

ಶ್ರೀವಿದ್ಯಾಳಿಗೆ ನಗು ತಡೆಯಲಾಗಲಿಲ್ಲ. ವಾಪಸು ಬರುವಾಗ ರೈಲಿನ ಕಿಟಕಿಯ ಬಳಿ ಕುಳಿತು, ಮುಂದಿನ ಶನಿವಾರಕ್ಕೆ ಇನ್ನೂ ಏಳು ದಿನ ಎಂದು ತಾನು ಲೆಕ್ಕ ಹಾಕುತ್ತಿರುವುದು ಅವಳ ಗಮನಕ್ಕೆ ಬಂತು. ಅಯ್ಯೋ... ಇದೇನಾಗುತ್ತಿದೆ ತನಗೆ?

ನಾಲ್ಕನೆಯ ಶನಿವಾರ ಅವಳಿಗೆ ಪೂರ್ತಿ ಧೈರ್ಯವಿತ್ತು. ರೂಪೇಶ್ ಸಿಮ್ಯುಲೇಟರಿನಲ್ಲಿ ಒಂದು ತಾಸು ಕುಳಿತ. ತಲೆ ಎತ್ತದೆ ಏನೋ ಬರೆದಿಟ್ಟು ಹೊರಟೇ ಹೋದ.

'ಎಡ ಟ್ಯಾಂಕ್ ಅರ್ಧ ಇದ್ದಾಗ ವಿಮಾನದ ಮುಳ್ಳು ಮುಕ್ಕಾಲು ತೋರಿಸುತ್ತದೆ. ನಿಮ್ಮದು ಕಾಲು ತೋರಿಸುತ್ತಿದೆ. ತಿರಸ್ಕೃತ.'

ಮುಕ್ಕಾಲು? ಅವಳು ಎಂಟು ವರ್ಷದ ಪುಟಗಳನ್ನೂ ತಿರುವಿದಳು. ಎಲ್ಲಿಯೂ ಮುಕ್ಕಾಲು ಇರಲಿಲ್ಲ. ಅಷ್ಟರಲ್ಲಿ ಮೇಲಧಿಕಾರಿ ಉಪೇಂದ್ರ ಬಂದು, ಇನ್ನು ಕಾಯಲಾಗದು, ಸೋಮವಾರದಿಂದ ಈ ಕೆಲಸ ಅಮಿತ್ ನೋಡಿಕೊಳ್ಳಲಿ ಎಂದುಬಿಟ್ಟರು. ಅಮಿತ್ ಪಕ್ಕದ ಮೇಜಿನವನು. ಅವನೂ ರೂಪೇಶನೂ ನಗುನಗುತ್ತಾ ಕಾಫಿ ಕುಡಿದದ್ದು ಅವಳಿಗೆ ನೆನಪಾಯಿತು. ಇಬ್ಬರೂ ಸೇರಿ ಹೀಗೆ ಮಾಡಿದರೇ? ಸಾಂಬಾರಿನ ಪಾತ್ರೆ, ರೈಲಿನ ಕಿಟಕಿ... ಎಲ್ಲವೂ ನಾಟಕವೇ? ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು.

ಭಾನುವಾರ ಬೆಳಿಗ್ಗೆಯೇ ಕ್ಲಬ್ಬಿಗೆ ಹೋದಳು. ಶೆಡ್ಡಿನಲ್ಲಿ ವಿಮಾನದ ಚಕ್ರ ಒರೆಸುತ್ತಿದ್ದ ರೂಪೇಶ್ ಅವಳನ್ನು ಕಂಡು ಗಾಬರಿಯಿಂದ ಎದ್ದುನಿಂತ.

"ಕೋಲು ಕೊಡಿ," ಎಂದಳು.

ಅವನು ಕೊಟ್ಟ. ಅವಳು ಏಣಿ ಹತ್ತಿ ಎಡ ರೆಕ್ಕೆಯ ಮೇಲಿನ ಮುಚ್ಚಳ ತೆಗೆದು ಕೋಲು ಅದ್ದಿದಳು. ಅರ್ಧ. ಇಳಿದು ಬಂದು ಒಳಗೆ ಕುಳಿತು ಸ್ವಿಚ್ ಹಾಕಿದಳು. ಮುಳ್ಳು ಸ್ವಲ್ಪ ನಡುಗಿ, ಕಾಲು ಭಾಗದ ಗುರುತಿಗೆ ಬಂದು ನಿಂತಿತು. ಥೇಟ್ ಅವಳ ಮುಳ್ಳಿನ ಹಾಗೆಯೇ.

"ಪೊಯ್ ಬರೆದಿದೀರಿ." ಕೋಪ ಬಂದರೆ ಅವಳ ಕನ್ನಡದೊಳಗೆ ತಮಿಳು ನುಗ್ಗುತ್ತಿತ್ತು. "ಎಂಟು ವರ್ಷ ಒಂದೇ ಒಂದು ಸುಳ್ಳು ಬರೆಯದವರು ನನ್ನ ಕೆಲಸಕ್ಕೆ ಬರೆದಿರಿ. ನಾಳೆ ಇದು ಅಮಿತ್ ಕೈಗೆ ಹೋಗತ್ತೆ. ನಾನು ನಿಮಗೆ ಏನು ಮಾಡಿದ್ದೆ ಸಾರ್?"

ರೂಪೇಶನ ಮುಖ ಬಿಳುಚಿಕೊಂಡಿತು. ಅಮಿತ್‌ನ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಅವನು ತಕ್ಷಣ ಫೋನ್ ತೆಗೆದು, ಅವಳ ಎದುರಿಗೇ ಉಪೇಂದ್ರರಿಗೆ ಕರೆ ಮಾಡಿದ. ನಾಲ್ಕನೆಯ ವರದಿ ಸುಳ್ಳು, ಮುಳ್ಳು ಸರಿಯಾಗಿದೆ, ತಪ್ಪು ಪೂರ್ತಿ ತನ್ನದು, ಬೇಕಿದ್ದರೆ ಬೇರೆ ಯಾರನ್ನಾದರೂ ಕಳಿಸಿ ಅಳೆಸಿ, ಆದರೆ ಕೆಲಸ ಶ್ರೀವಿದ್ಯಾ ಅವರಿಂದ ಕಿತ್ತುಕೊಳ್ಳಬೇಡಿ ಎಂದ. ಯಾಕೆ ಹೀಗೆ ಮಾಡಿದೆ ಎಂದು ಉಪೇಂದ್ರ ಗದರಿದ್ದು ಅವಳಿಗೂ ಕೇಳಿಸಿತು.

"ಅದನ್ನು ಮೊದಲು ಅವರಿಗೆ ಹೇಳ್ಬೇಕು ಸರ್," ಎಂದು ಅವನು ಫೋನ್ ಇಟ್ಟ.

ಅವಳು ವಿಮಾನದಿಂದ ಇಳಿದು ಅವನ ಎದುರು ಬಂದು ನಿಂತಳು.

"ನಿನ್ನೆ ನಿಮ್ಮ ಮುಳ್ಳು ಸರಿ ಇತ್ತು. ಒಂಚೂರೂ ತಪ್ಪಿಲ್ಲ," ಎಂದ ಅವನು, ನೆಲ ನೋಡುತ್ತಾ. "ಸಹಿ ಹಾಕಿದ್ರೆ ಮುಂದಿನ ಶನಿವಾರ ನನಗೆ ಅಲ್ಲಿ ಎಂತ ಕೆಲಸ? ನಿಮ್ಮನ್ನು ನೋಡ್ಲಿಕ್ಕೆ ಬರಲು ಬೇರೆ ಕಾರಣ ನನಗೆ ಸಿಗಲಿಲ್ಲ..."

ಇಷ್ಟು ಸುಲಭವಾಗಿ ಕ್ಷಮಿಸಬಾರದು ಎಂದು ಶ್ರೀವಿದ್ಯಾ ತನಗೆ ತಾನೇ ಹೇಳಿಕೊಂಡಳು. ಕಣ್ಣು ಮಾತ್ರ ಅವಳ ಮಾತು ಕೇಳದೆ ತುಂಬಿಕೊಂಡಿತು.

"ಬರಲಾ ಅಂತ ಕೇಳಬಹುದಿತ್ತಲ್ಲ ರೂಪೇಶ್."

ಮೊದಲ ಸಲ ಅವಳು ಸಾರ್ ಎನ್ನಲಿಲ್ಲ. ಅದು ಅವನಿಗೆ ತಿಳಿಯಿತು.

"ಬೇಡ ಅಂದ್ರೆ?"

"ಕೋಲು ಅದ್ದದೆ ಅಂಕಿ ಬರೆಯೋಲ್ಲ ಅಂತ ಹೇಳಿದ್ರಿ. ನಾನು ಬೇಡ ಅಂತೀನಿ ಅಂತ ಹೇಗೆ ಬರೆದುಕೊಂಡ್ರಿ?"

ರೂಪೇಶ್ ತಲೆ ಎತ್ತಿ ಅವಳನ್ನು ನೋಡಿದ. ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡ.

"ಹಾಗಾದ್ರೆ ಈಗ ಕೇಳ್ತೇನೆ. ಮುಂದಿನ ಶನಿವಾರ ಬರಬಹುದಾ? ಕೆಲಸ ಏನೂ ಇಲ್ಲದೆ?"

ಅವಳು ಚೀಲದಿಂದ ಅವನ ನೋಟ್‌ಬುಕ್ ತೆಗೆದು, ಪೆನ್ನಿನ ಜೊತೆ ಅವನ ಕೈಗಿಟ್ಟಳು.

"ಬರ್ಕೊಳ್ಳಿ. ಪ್ರತಿ ಶನಿವಾರ."

ಅವನು ಹೊಸ ಪುಟ ತೆರೆದ.

"ಯಾವ ಕಾಲಂನಲ್ಲಿ ಬರೀಲಿ?"

"ಕೋಲಿನದರಲ್ಲಿ," ಎಂದಳು ಶ್ರೀವಿದ್ಯಾ.