ಕೂದಲೆಳೆಯಷ್ಟು ಆಟ

"ಆಟ ಇರಲೇಬಾರದು. ಕೂದಲೆಳೆಯಷ್ಟೂ ಬೇಡ. ಆಟ ಇದ್ರೆ ನನ್ನ ಕೆಲಸ ಕೆಟ್ಟು ಕೆರ ಹಿಡಿದು ಹೋಗುತ್ತೆ!"

ಅಮ್ಮ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಗೆರೆ ಕಿಟಕಿಯ ಕೆಳಗಿನ ಮೂಲೆಗೆ ಬಂದು, ಚಾಪೆಯ ಅಂಚನ್ನು ದಾಟಿ, ಹಾವು-ಏಣಿ ಬೋರ್ಡಿನ ಪಕ್ಕಕ್ಕೆ ಬಂದು ನಿಂತಿತು.

ಬಾಗಿಲಲ್ಲಿ ನಿಂತಿದ್ದ ಮಗಳು ಪಿಟೀಲು ಎಲ್ಲವನ್ನೂ ಕೇಳಿಸಿಕೊಂಡಳು.

ಪಿಟೀಲು ಎನ್ನುವುದು ಅಣ್ಣ ಇಟ್ಟ ಹೆಸರು. ಮಾತು ಶುರುವಾದರೆ ಕುಯ್ಯುತ್ತಲೇ ಇರುತ್ತಾಳೆ ಎಂದು. ಅಣ್ಣ ಹಾಸ್ಟೆಲ್ ಸೇರಿದ ಮೇಲೆ ಆ ಹೆಸರು ಹಿಡಿದು ಕರೆಯುವವರೂ ಇಲ್ಲ, ಕುಯ್ಯಿಸಿಕೊಳ್ಳುವವರೂ ಇಲ್ಲ.

ದಿನವೂ ಶಾಲೆಯಿಂದ ಬಂದವಳು ಆ ಮೂಲೆಯಲ್ಲಿ ಕುಳಿತು ಇಬ್ಬರ ಆಟವನ್ನೂ ತಾನೇ ಆಡುತ್ತಿದ್ದಳು. ಕೆಂಪು ಕಾಯಿ ಅವಳದು. ಅಣ್ಣನ ಅಂಗಿಯಿಂದ ಕಿತ್ತುಬಂದಿದ್ದ ಹಸಿರು ಗುಂಡಿ ಅವನದು. ಅವನ ಸರದಿ ಬಂದಾಗ ದಾಳವನ್ನು ಎಡಗೈಯಲ್ಲಿ ಹಾಕುವಳು. ಗುಂಡಿ ಹಾವಿನ ಬಾಯಿಗೆ ಬಿದ್ದರೆ, ಯಾರೂ ನೋಡಲಿಲ್ಲವೆಂದು ಇನ್ನೊಮ್ಮೆ ಹಾಕುವಳು.

ಆಗೆಲ್ಲ ಅಮ್ಮ ಅತ್ತ ತಿರುಗಿ ಹಿತ್ತಾಳೆಯನ್ನು ಅರದಿಂದ ಉಜ್ಜುತ್ತಿದ್ದಳು. ಹಳೆಯ ಗೋಡೆ ಗಡಿಯಾರಗಳಿಗೆ ಹಲ್ಲಿನ ಚಕ್ರ ಮಾಡಿಕೊಡುವುದು ಅವಳ ಕೆಲಸ. ಈಚೆಗೆ ಒಂದು ಚಕ್ರ ವಾಪಸ್ ಬಂದಿತ್ತು. ಅದರ ಒಂದು ಹಲ್ಲು ಒಂಚೂರು ದಪ್ಪವಾಗಿ, ಗಡಿಯಾರವೇ ನಿಂತುಹೋಗಿತ್ತು. ಅದಕ್ಕೇ ಅಮ್ಮ ಹಲ್ಲುಗಳನ್ನು ಒಂದೇ ಅಳತೆಗೆ ಕೊರೆಯುವ ಮಿಲ್ಲಿಂಗ್ ಮಷೀನ್ ಹುಡುಕುತ್ತಿದ್ದಳು.

ಆ ಸಂಜೆ ಪಿಟೀಲು ಬೋರ್ಡನ್ನು ಮಡಚಿ ಮಂಚದ ಕೆಳಗೆ ತಳ್ಳಿದಳು.

ಭಾನುವಾರ ಇಬ್ಬರೂ ಹಳೆ ಮಷೀನುಗಳ ಅಂಗಡಿಗೆ ಹೋದರು. ಅಲ್ಲಿನ ಮಷೀನ್ ಮಾಮ ಕೈಗೆ ಮೆತ್ತಿದ ಎಣ್ಣೆಯನ್ನು ಒರೆಸಿಕೊಳ್ಳುತ್ತ ಬಂದ.

"ಬಾರಮ್ಮಾ! ನಿನಗೇನು ಕೊಡ್ಲಿ? ಲೇತಾ? ಡ್ರಿಲ್ಲಾ?" ಎಂದು ಪಿಟೀಲನ್ನೇ ಕೇಳಿದ.

ಅವಳು ಅಮ್ಮನ ಬೆನ್ನ ಹಿಂದೆ ಸರಿದಳು.

"ಓಹೋ, ಬಾಯಿ ಜಾಮ್ ಆಗಿದೆ. ಎಣ್ಣೆ ಬಿಡಬೇಕು!"

ಅಲ್ಲಿ ಎರಡು ಮಷೀನುಗಳಿದ್ದವು. ಒಂದು ಹೊಸದು, ನೀಲಿ, ಪುಟ್ಟದು. ಅದನ್ನು ಮೇಜಿನ ಮೇಲೆಯೇ ಇಡಬಹುದಿತ್ತು. ಇನ್ನೊಂದು ಬಣ್ಣ ಕಿತ್ತುಹೋದ ಕಬ್ಬಿಣದ ಆನೆಮರಿ. ಸೀಮೆಸುಣ್ಣದ ಗೆರೆ ಇದಕ್ಕೇ ಎಂದು ಪಿಟೀಲಿಗೆ ನೋಡಿದೊಡನೆ ಗೊತ್ತಾಯಿತು. 'ಪುಟ್ಟದು, ಪುಟ್ಟದು' ಎಂದು ಮನಸ್ಸಿನಲ್ಲೇ ಜಪಿಸಿದಳು.

ಅಮ್ಮ ಚೀಲದಿಂದ ಒಂದೇ ಮುಳ್ಳಿನ ಗಡಿಯಾರದಂಥ ಗೇಜನ್ನು ತೆಗೆದು ಪುಟ್ಟ ಮಷೀನಿನ ತಲೆಗೆ ಅಂಟಿಸಿ, ಗೇಜಿನ ಮೂತಿಯನ್ನು ಮಷೀನಿನಲ್ಲೇ ಇದ್ದ, ಹಿಡಿ ತಿರುಗಿಸಿದರೆ ಸರಿಯುವ ಕಬ್ಬಿಣದ ಮೇಜಿಗೆ ತಾಗಿಸಿದಳು.

"ಮೇಜನ್ನ ಸ್ವಲ್ಪ ತಳ್ಳು, ಪುಟ್ಟಿ."

ಪಿಟೀಲು ಅಂಗೈಯಿಂದ ತಳ್ಳಿದಳು. ಮುಳ್ಳು ಟಣ್ಣನೆ ಜಿಗಿಯಿತು.

"ನೋಡಿ, ಆಟ!" ಎಂದಳು ಅಮ್ಮ.

ಪಿಟೀಲು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. "ನಾನು ಆಡ್ಲಿಲ್ಲ!"

ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀನಲ್ಲ ತಾಯೀ, ಮೇಜು! ಬಿಗಿಯಾಗಿ ಕೂರಬೇಕಾದ್ದು ಅಲ್ಲಾಡಿದ್ರೆ ಅದಕ್ಕೆ ನಾವು ಆಟ ಅಂತೀವಿ. ಬೀಳೋ ಹಲ್ಲು ಆಡಲ್ವಾ, ಹಾಗೆ."

ಪಿಟೀಲಿನ ಕಿವಿ ಬಿಸಿಯಾಯಿತು. ಮಂಚದ ಕೆಳಗಿದ್ದ ಬೋರ್ಡು ನೆನಪಾಯಿತು.

"ಇರಿ, ಆಟ ಪೂರ್ತಿ ತೆಗೀತೀನಿ," ಎಂದು ಮಾಮ ಒಂದು ತಿರುಪನ್ನು ಬಿಗಿ ಮಾಡಿದ. ಮುಳ್ಳು ನಿಂತಿತು. ಆದರೆ ಅಮ್ಮ ಹಿಡಿಯನ್ನು ತಿರುಗಿಸಲು ಹೋದರೆ ಮೇಜು ಜಪ್ಪಯ್ಯ ಎಂದರೂ ಕದಲಲಿಲ್ಲ. ತಿರುಪನ್ನು ಸಡಿಲಿಸಿದರೆ ಮುಳ್ಳಿಗೆ ಮತ್ತೆ ಅದೇ ಕುಣಿತ.

ಕಬ್ಬಿಣದ ಆನೆಮರಿಯ ಹಿಡಿ ಬೆಣ್ಣೆಯಂತೆ ತಿರುಗಿತು. ಪಿಟೀಲು ಮೈಭಾರವನ್ನೆಲ್ಲ ಹಾಕಿ ತಳ್ಳಿದರೂ ಮುಳ್ಳು ಕಂಡೂ ಕಾಣದಂತೆ ನಡುಗಿತು, ಅಷ್ಟೇ.

"ಇದರಲ್ಲೂ ಒಂಚೂರಿದೆ," ಎಂದಳು ಅಮ್ಮ.

"ಇರಬೇಕಲ್ಲಮ್ಮಾ! ಇಲ್ದಿದ್ರೆ ಎಣ್ಣೆ ಎಲ್ಲಿ ಹೋಗಿ ಕೂತ್ಕೊಳ್ಳುತ್ತೆ?"

ಅಮ್ಮ ಟೇಪು ಹಿಡಿದು ಆನೆಮರಿಯನ್ನು ಅಳೆದಳು. ಆಮೇಲೆ, ಯಾಕೋ, ಪುಟ್ಟದರ ಹತ್ತಿರವೇ ವಾಪಸ್ ಬಂದಳು. "ಇದನ್ನೇ ಹೇಗಾದ್ರೂ ಸರಿ ಮಾಡಕ್ಕಾಗಲ್ವಾ?"

"ಗೊತ್ತಿದ್ದೂ ಗೊತ್ತಿದ್ದೂ ಹೀಗೆ ಕೇಳ್ತೀರಲ್ಲ!"

"ದೊಡ್ಡದು ಇಟ್ರೆ ಕಿಟಕಿ ಮೂಲೆ ಹೋಗುತ್ತೆ," ಅಮ್ಮನ ದನಿ ಇಳಿಯಿತು. "ಅಲ್ಲಿ ನನ್ನ ಮಗಳು ಕೂತಿರ್ತಾಳೆ. ಕೆಲಸದಲ್ಲಿ ನಾನು ತಿರುಗಿ ನೋಡಲ್ಲ, ನಿಜ. ಆದ್ರೆ ದಾಳ ಬೀಳೋ ಸದ್ದು ಕೇಳಿಸ್ತಿರುತ್ತೆ. ಈಚೆಗೆ ಯಾಕೋ ಅದೂ ಇಲ್ಲ."

ಪಿಟೀಲು ಪುಟ್ಟ ಮಷೀನಿನ ನೀಲಿಯನ್ನು ನೋಡಿದಳು. ಅಮ್ಮನ ಬೆರಳುಗಳ ಮೇಲೆ ಅರ ತರಚಿದ ಗೆರೆಗಳನ್ನೂ ನೋಡಿದಳು.

"ಅಮ್ಮಾ, ದೊಡ್ಡದೇ ತಗೋ. ನನ್ನ ಚಾಪೆ ಬಾಗಿಲ ಹತ್ರ ಹಿಡಿಸುತ್ತೆ."

"ಅಲ್ಲಿ ಕತ್ತಲೆ ಕಣೇ."

"ಒಂದು ಬಲ್ಬ್ ಹಾಕ್ಕೊಡು."

"ಬಾಯಿಗೆ ಎಣ್ಣೆ ಬಿತ್ತು ನೋಡಿ!" ಎಂದ ಮಾಮ.

ಆನೆಮರಿಯನ್ನೇ ಗೊತ್ತುಮಾಡಿ ಮನೆಗೆ ಬಂದ ಮೇಲೆ ಪಿಟೀಲು ಬೋರ್ಡನ್ನು ಮಂಚದ ಕೆಳಗಿನಿಂದ ಎಳೆದು ಶೆಡ್ಡಿನ ಬಾಗಿಲ ಬಳಿ ಹಾಸಿದಳು. ಅಮ್ಮ ಕೈ ತೊಳೆದು ಎದುರಿಗೆ ಕುಳಿತು, ಹಸಿರು ಗುಂಡಿಯತ್ತ ಕೈ ಚಾಚಿದಳು. "ನನಗೆ ಇದಾ?"

"ಊಹೂಂ. ಅದು ಅಣ್ಣಂದು. ರಜಕ್ಕೆ ಬಂದಾಗ ಅವನೇ ಆಡಲಿ."

ಅಮ್ಮ ಎದ್ದುಹೋಗಿ, ವಾಪಸ್ ಬಂದಿದ್ದ ಹಿತ್ತಾಳೆಯ ಚಕ್ರವನ್ನು ತಂದು ತನ್ನ ಕಾಯಿ ಮಾಡಿಕೊಂಡಳು. ಪಿಟೀಲು ಗುಂಡಿಯನ್ನು ಅದು ಮೊದಲಿದ್ದ ಮನೆಯಲ್ಲಿ, ದೊಡ್ಡ ಏಣಿಯ ಬುಡದ ಪಕ್ಕದಲ್ಲಿ, ನಟ್ಟನಡುವೆ ಬರುವಂತೆ ಇಟ್ಟಳು.

ಅಮ್ಮ ದಾಳ ಹಾಕಿದಳು. ಬೋರ್ಡು ಅಲುಗಿತು. ಗುಂಡಿಯೂ ಕೂದಲೆಳೆಯಷ್ಟು ಸರಿಯಿತು.

ಪಿಟೀಲು ಅದನ್ನು ಸರಿಮಾಡಲು ಬೆರಳು ಚಾಚಿದಳು. ಮತ್ತೆ, ಹಾಗೆಯೇ ಇರಲೆಂದು ಬಿಟ್ಟಳು.