ಆರನೆಯ ವಾರದ ನಡಿಗೆ

ಅಪರಿಚಿತರಿಗೆ ಫೋನು ಮಾಡುವುದೆಂದರೆ ನನಗೆ ಭಯ. ಇರ್ಬಿದ್ ಪಟ್ಟಣದ ಮೂಳೆ ಆಸ್ಪತ್ರೆಯಲ್ಲಿ ನನಗೆ ಸಿಕ್ಕಿದ್ದು ಅದೇ ಕೆಲಸ: ಆಪರೇಷನ್ ಆದ ಆರನೆಯ ವಾರಕ್ಕೆ ರೋಗಿಗಳ ಮನೆಗೆ ಫೋನು ಮಾಡಿ, ನಡೆಯುತ್ತಿದ್ದಾರೆಯೇ ಎಂದು ಕೇಳಿ ಬರೆದುಕೊಳ್ಳುವುದು. ಕೆಲವರಿಗೆ ನಾನು ಫೋನು ಮಾಡಲೇ ಇಲ್ಲ. ‘ವಾಕರ್ ಹಿಡಿದು ನಡೆಯುತ್ತಾರೆ’ ಎಂದು ಬರೆದುಬಿಟ್ಟೆ.

ಆಪರೇಷನ್ ಆದ ಮೂರನೆಯ ತಿಂಗಳಿಗೆ ಅದೇ ರೋಗಿಗಳನ್ನು ಮತ್ತೆ ಫೋನಿನಲ್ಲಿ ವಿಚಾರಿಸುವಾಗ ಹಿರಿಯ ನರ್ಸ್ ವಿಸಾಲ್ ನನ್ನ ಪಕ್ಕದಲ್ಲೇ ಕೂತರು.

“ಏನೇ, ಫೋನು ಕಚ್ಚುತ್ತಾ? ಸ್ಪೀಕರಿಗೆ ಹಾಕು, ನಾನೂ ಕೇಳ್ತೀನಿ.”

ಮೊದಲ ಹೆಸರು ಅಬೂ ನಾಯಿಫ್, ಸೊಂಟ ಮುರಿದು ರಾಡು ಹಾಕಿಸಿಕೊಂಡವರು. ಅವರ ಹೆಂಡತಿ ಫೋನೆತ್ತಿದರು. ಚಿಕ್ಕಮ್ಮ ಎನ್ನುವ ಹಾಗೆ ‘ಖಾಲಾ’ ಎಂದೇ ಮಾತು ಶುರುಮಾಡಿದೆ.

“ಖಾಲಾ, ಯಜಮಾನರು ಚೆನ್ನಾಗಿ ನಡೀತಾರಾ?”

“ಈಗ ನೆನಪಾಯ್ತೇನಮ್ಮ ನಿಮಗೆ? ಮನೆಗೆ ಬಂದ ಒಂಬತ್ತನೇ ದಿನಕ್ಕೇ ಹೋಗ್ಬಿಟ್ರು. ಹಾಸಿಗೆಯಿಂದ ಒಂದು ಹೆಜ್ಜೆ ಇಡಲಿಲ್ಲ.”

ಆ ಮಾತಿನ ಹಿಂದೆ ವಾಕರ್ ನೆಲಕ್ಕೆ ತಾಗುವ ಸದ್ದು, ಅದರ ಬೆನ್ನಿಗೇ ಕಾಲೆಳೆಯುವ ಸದ್ದು ಕೇಳುತ್ತಿತ್ತು. ವಿಸಾಲ್ ಹುಬ್ಬು ಗಂಟಿಕ್ಕಿದರು. “ಅಲ್ಲಿ ಯಾರಿದ್ದಾರೆ?”

“ಯಾರೂ ಇಲ್ಲ. ವಾಕರನ್ನೂ ಮಸೀದಿಗೆ ಕೊಟ್ಬಿಟ್ಟೆ. ಆದ್ರೂ ದಿನಾ ಮಧ್ಯಾಹ್ನ ಅಡುಗೆಮನೆವರೆಗೆ ಬರ್ತಾರೆ. ಒಲೆ ಮೇಲಿರೋ ಚಹಾ ತಣ್ಣಗಾಗತ್ತೆ. ಆಮೇಲೆ ತಿರುಗಿ ಹೋಗ್ತಾರೆ. ಏಪ್ರಿಲ್ ಹನ್ನೊಂದಕ್ಕೆ ಶುರುವಾಗಿದ್ದು, ಇನ್ನೂ ನಿಂತಿಲ್ಲ. ಸತ್ತ ಮೇಲಾದ್ರೂ ಮಲಗಬಾರ್ದಾ ಆ ಮನುಷ್ಯ? ಯಾರಮ್ಮ ಅವರನ್ನ ಎಬ್ಬಿಸಿದ್ದು?”

ನನ್ನ ಮುಂದಿದ್ದ ಪುಸ್ತಕದಲ್ಲಿ, ಅವರ ಹೆಸರಿನೆದುರು, ನನ್ನದೇ ಅಕ್ಷರದಲ್ಲಿ ‘ವಾಕರ್ ಹಿಡಿದು ನಡೆಯುತ್ತಾರೆ’ ಎಂದಿತ್ತು; ಪಕ್ಕದಲ್ಲಿ ಅದೇ ತಾರೀಖು ಇತ್ತು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ ಎಂದು ಗೊತ್ತಿತ್ತು. ಕಾಲೆಳೆಯುವ ಸದ್ದು ಫೋನಿನ ಹತ್ತಿರಕ್ಕೆ ಬಂದು ನಿಂತಿತು.

“ನಾನೇ, ಖಾಲಾ,” ಎಂದೆ. “ನಿಮ್ಮನ್ನ ಕೇಳದೆ, ನಡೀತಾರೆ ಅಂತ ಬರೆದವಳು ನಾನೇ.”