‘ಬನ್ನಿ’ ಎನ್ನದ ರಾಜಕುಮಾರಿ

ಏಳು ಕಡಲಿನ ಆಚೆ, ಗಡಿಯಾರಕ್ಕಿನ್ನೂ ಒಂದೇ ಮುಳ್ಳಿದ್ದ ಕಾಲದಲ್ಲಿ, ಫ್ರಾನ್ಸ್ ಎಂಬ ರಾಜ್ಯವಿತ್ತು. ಅಲ್ಲಿ ಎಳೆಯ ರಾಣಿ ಅಲಿಯೆನೋರ್, ಅವಳ ತಂಗಿ ಇಸಾಬೊ. ತಂದೆತಾಯಿ ಇಲ್ಲದ ಈ ಹುಡುಗಿಯರ ಮೇಲೆ ಯಜಮಾನಿಕೆ ಮಾಡುತ್ತಿದ್ದವನು ಚಿಕ್ಕಪ್ಪ ಗೋತಿಯೆ. ಎಂಥ ಚಿಕ್ಕಪ್ಪ ಅಂತೀರಿ! ಯುದ್ಧದಲ್ಲಿ ಸತ್ತವನು ರಕ್ತ ಕುಡಿಯುವ ಪಿಶಾಚಿಯಾಗಿ ಎದ್ದು ಬಂದಿದ್ದ.

ಆ ಅರಮನೆಯಲ್ಲಿ ಬಾಗಿಲು ತಟ್ಟುವಂತಿರಲಿಲ್ಲ. ಕಿರುಬೆರಳ ಉಗುರಿನಿಂದ ಮೆಲ್ಲಗೆ ಕೆರೆಯಬೇಕು, ಒಳಗಿದ್ದವರು ‘ಬನ್ನಿ’ ಎನ್ನಲೇಬೇಕು. ಪಿಶಾಚಿಗೋ, ಕರೆಯದೆ ಹೊಸಿಲು ದಾಟಲಾಗದು. ಇಷ್ಟು ಸಲೀಸಾದ ಮನೆ ಅವನಿಗೆ ಇನ್ನೆಲ್ಲಿ ಸಿಗಬೇಕು? ಎರಡು ರಾತ್ರಿ ಕೆರೆದ, ಎರಡು ರಾತ್ರಿ ರಾಣಿ ‘ಬನ್ನಿ’ ಎಂದಳು, ಎರಡು ರಾತ್ರಿ ಅವಳ ರಕ್ತ ಕುಡಿದ. ಮೂರನೆಯ ಸಲ ಕುಡಿದರೆ ಅವಳು ಸಾಯುತ್ತಾಳೆ. ಕುಡಿಯದೆ ಸೂರ್ಯನನ್ನು ಕಂಡರೆ ಅವನೇ ಬೂದಿ.

ಅಕ್ಕನ ಕತ್ತಿನ ಗಾಯ ಕಂಡು ಇಸಾಬೊಗೆ ಎಲ್ಲ ತಿಳಿಯಿತು. ಮೂರನೆಯ ರಾತ್ರಿ ಅವಳೇ ಅಕ್ಕನ ಕೋಣೆಯೊಳಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

ಕರ್ ಕರ್.

“ಮಗಳೇ, ನಾನು, ಚಿಕ್ಕಪ್ಪ.”

“ಗೊತ್ತು. ಅದಕ್ಕೇ ಬರಬೇಡ.”

ಮತ್ತೆ ಕರ್ ಕರ್. ಈಗ ತೀರಿಹೋದ ತಾಯಿಯ ದನಿ. “ಇಸಾಬೊ, ಹೊರಗೆ ಚಳಿ ಕಣೇ.”

ಇಸಾಬೊ ಬಿಕ್ಕಿ ಬಿಕ್ಕಿ ಅತ್ತಳು. “ನಮ್ಮಮ್ಮ ನಮ್ಮ ಕೋಣೆಗೆ ಅಪ್ಪಣೆ ಕೇಳಿ ಬರುತ್ತಿರಲಿಲ್ಲ. ಹೋಗು,” ಎಂದಳು.

ಬೇರೆ ಪಿಶಾಚಿಯಾಗಿದ್ದರೆ ಪಕ್ಕದ ಮನೆ ನೋಡಿಕೊಳ್ಳುತ್ತಿತ್ತು. ಇವನು ರಾಜವಂಶದವನು, ‘ಬೇಡ’ ಎಂದರೆ ಸಹಿಸುತ್ತಾನೆಯೇ? ಹಟ ಹಿಡಿದು ಬೆಳಗಿನ ಜಾವದವರೆಗೂ ಅಲ್ಲೇ ನಿಂತ. ಮೂರನೆಯ ಸಲ ಕೆರೆದಾಗ ರಾಣಿಗೆ ಎಚ್ಚರವಾಯಿತು. ಹುಟ್ಟಿದಾಗಿನಿಂದ ಕಲಿತ ಮರ್ಯಾದೆ ಸಾಯುವಾಗಲೂ ಬಿಡಲಿಲ್ಲ ನೋಡಿ. “ಬ...” ಎಂದು ಬಾಯಿ ತೆರೆದಳು.

ಇಸಾಬೊ ಓಡಿಬಂದು ಅವಳ ಬಾಯಿ ಮುಚ್ಚಿದಳು. ಅಪ್ಪಣೆಯಿಲ್ಲದೆ ರಾಣಿಯ ಮೈ ಮುಟ್ಟಿದವರ ಕೈ ಕಡಿಯುವ ರಾಜ್ಯ ಅದು. ಅವಳಿಗೆ ಅದು ಗೊತ್ತಿತ್ತು. ಅಕ್ಕ ಕಚ್ಚಿದರೂ ಬಿಡಲಿಲ್ಲ.

ಸೂರ್ಯ ಹುಟ್ಟಿದ. ಹೊರಗೊಂದು ಕೂಗು ಕೇಳಿತು, ಆಮೇಲೆ ಅಲ್ಲಿ ಉಳಿದದ್ದು ಹಿಡಿ ಬೂದಿ.

ಓಡಿಬಂದ ಆಸ್ಥಾನದ ಹಿರಿಯರು ಬೂದಿಯ ಮಾತು ಬಿಟ್ಟು, ಇನ್ನೂ ರಾಣಿಯ ಬಾಯಿ ಮುಚ್ಚಿಕೊಂಡೇ ಇದ್ದ ಇಸಾಬೊಳ ಕೈಯ ಮಾತು ಎತ್ತಿದರು. “ಕಡಿಯಲೇಬೇಕು ಮಹಾರಾಣಿ. ತಲೆತಲಾಂತರದ ಪದ್ಧತಿ.”

ಅಲಿಯೆನೋರ್ ತಂಗಿಯ ಕೈ ಹಿಡಿದು, ತಾನು ಕಚ್ಚಿದ ಜಾಗಕ್ಕೆ ಮುತ್ತಿಟ್ಟಳು. “ಇದನ್ನು ಕಡಿಯುವವರು ಮೊದಲು ನನ್ನ ಕತ್ತು ಕಡಿಯಿರಿ. ಪದ್ಧತಿ ಬೇಕೆನ್ನುವವರು ಪೊರಕೆ ತಗೊಂಡು ಆ ಬೂದಿ ಗುಡಿಸಿ.”

ಗುಡಿಸಿದರು. ಅಕ್ಕತಂಗಿ ತಲೆ ನೆರೆಯುವವರೆಗೂ ಯಾರಿಗೂ ಹೆದರದೆ, ಸುಖವಾಗಿ ರಾಜ್ಯವಾಳಿದರು.